ಅಂತಃಸಾಕ್ಷಿಗೆ ಗುರು ಯಾರು?

ಸುಳ್ಯ ತಾಲೂಕಿನ ಮರ್ಕಂಜ ಪಶ್ಚಿಮ ಘಟ್ಟದ ಬುಡದಲ್ಲಿರುವ ಗ್ರಾಮ. ಅಡಿಕೆ ತೋಟ, ಗದ್ದೆ ಬಯಲು, ಗುಡ್ಡ, ಕಾಡು ಒಂದರ ಮಗ್ಗುಲಲ್ಲಿ ಒಂದು ಹಬ್ಬಿಕೊಂಡಿರುವ ಈ ಸೀಮೆಗೆ ಹಿಂದೆ ಅಮರ ಸುಳ್ಯ ಮಾಗಣೆ ಎಂಬ ಹೆಸರು. ಅರೆಭಾಷೆ, ತುಳು, ಕನ್ನಡ, ಮಲಯಾಳ ನುಡಿಗಳು ಒಂದೇ ಸಂತೆಯಲ್ಲಿ ಕೇಳಿಬರುವ ನೆಲವಿದು. ನುಡಿ ಬೇರೆಯಾದಂತೆ ಮನೆಯ ಕಟ್ಟುಕಟ್ಟಳೆಗಳೂ ಬೇರೆ. ಒಂದು ಮನೆಯಲ್ಲಿ ಧರ್ಮವೆನಿಸಿದ್ದು ಬೇಲಿಯಾಚೆಯ ಮನೆಯಲ್ಲಿ ಧರ್ಮವೆನಿಸದೆ ಇರಬಹುದು. ಮನುಷ್ಯನ ನೀತಿ ಹುಟ್ಟಿನಿಂದ ಬಂದದ್ದೋ, ಇತರರಿಂದ ಕಲಿತದ್ದೋ ಎಂಬ ಹಳೆಯ ಪ್ರಶ್ನೆಗೆ ಉತ್ತರವನ್ನು ತತ್ತ್ವಶಾಸ್ತ್ರದ ಗ್ರಂಥಗಳಲ್ಲಿ ಮಾತ್ರವಲ್ಲದೆ ಇಂಥ ನೆಲದ ಚರಿತ್ರೆಯಲ್ಲೂ ಹುಡುಕಬಹುದೆಂದು ನನಗೆ ತೋರುತ್ತದೆ.

ಈ ವಾದದ ಎರಡು ಪಕ್ಷಗಳು ಸುಪರಿಚಿತ. ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್, 1690ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ನೀತಿಯ ಯಾವ ಸೂತ್ರವೂ ಮನುಷ್ಯನಿಗೆ ಹುಟ್ಟಿನಿಂದ ಬಂದುದಲ್ಲವೆಂದು ವಾದಿಸಿದ. ಹಾಗೆ ಬಂದಿದ್ದರೆ ಎಲ್ಲ ಜನಾಂಗಗಳೂ ಅದನ್ನು ಒಪ್ಪಬೇಕಿತ್ತು. ಅದನ್ನು ಮುರಿದವರಿಗೆ ನಾಚಿಕೆಯಾದರೂ ಆಗಬೇಕಿತ್ತು. ಒಂದು ದೇಶದಲ್ಲಿ ಪಾಪವಾದದ್ದು ಇನ್ನೊಂದರಲ್ಲಿ ಸಂಪ್ರದಾಯವಾಗಿರುವಾಗ ಹುಟ್ಟುಗುಣದ ಮಾತೆಲ್ಲಿ ಎಂಬುದು ಅವನ ಪ್ರಶ್ನೆ. ಇದಕ್ಕೆ ಎದುರಾಗಿ, ಧರ್ಮಶಾಸ್ತ್ರವನ್ನು ಕಾಣದ ಜನಾಂಗಗಳ ಹೃದಯದಲ್ಲಿಯೂ ಅದರ ಆಜ್ಞೆ ಬರೆದಿದೆ, ಅವರ ಮನಸ್ಸಾಕ್ಷಿಯೇ ಅದಕ್ಕೆ ಪ್ರಮಾಣ ಎಂದು ಸಂತ ಪೌಲರು ರೋಮಿನ ಸಭೆಗೆ ಬರೆದರು. ಕ್ರಿಸ್ತನಿಗಿಂತ ಸುಮಾರು ಮೂರು ಶತಮಾನ ಹಿಂದೆ ಚೀನಾದಲ್ಲಿದ್ದ ಮೆನ್ಷಿಯಸ್ ಎಂಬ ಜ್ಞಾನಿ ಇದೇ ಪಕ್ಷದವನು. ಮಗುವೊಂದು ಬಾವಿಗೆ ಬೀಳುವಂತಿದ್ದರೆ ಕಂಡವರೆಲ್ಲರ ಎದೆಯೂ ನಡುಗುತ್ತದೆ. ಆ ನಡುಕ ಮಗುವಿನ ತಂದೆತಾಯಿಯರ ಮೆಚ್ಚುಗೆಗಾಗಿ ಅಲ್ಲ, ಊರವರ ಹೊಗಳಿಕೆಗಾಗಿಯೂ ಅಲ್ಲ ಎಂದು ಅವನು ಹೇಳಿದ.

ಮೊದಲಿಗೆ ಲಾಕ್‌ನ ಪಕ್ಷಕ್ಕೆ ನಮ್ಮ ನೆಲ ಒದಗಿಸುವ ಸಾಕ್ಷ್ಯವನ್ನು ನೋಡೋಣ. ತುಳುನಾಡಿನ ಬಂಟರಲ್ಲಿ, ಬಿಲ್ಲವರಲ್ಲಿ ಆಸ್ತಿಯ ಹಕ್ಕು ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಯಜಮಾನನ ಮೊದಲ ಕರ್ತವ್ಯ ತಂಗಿಯ ಮಕ್ಕಳಿಗೆ. ಅದೇ ಸೀಮೆಯ ಅರೆಭಾಷೆಯ ಗೌಡರಲ್ಲಿ ತಂದೆಯಿಂದ ಮಗನಿಗೆ. ಹೆಂಡತಿ ಮಕ್ಕಳಿಗೆ ಕುಟುಂಬದ ಭೂಮಿಯನ್ನು ಗುಟ್ಟಾಗಿ ದಾಟಿಸಿದ ಮಾವ ಒಂದು ಮನೆಯಲ್ಲಿ ದ್ರೋಹಿ. ಮಗನನ್ನು ಬಿಟ್ಟು ಸೋದರಳಿಯನಿಗೆ ಕೊಟ್ಟ ತಂದೆ ಪಕ್ಕದ ಮನೆಯಲ್ಲಿ ದ್ರೋಹಿ. ಇಬ್ಬರಿಗೂ ರಾತ್ರಿ ನಿದ್ದೆ ಬಾರದಿದ್ದರೆ ಅದು ಅಂತಃಸಾಕ್ಷಿಯ ಕಾಟವೇ ಸರಿ. ಆದರೆ ಆ ಸಾಕ್ಷಿ ಹೇಳಿಕೊಡುವ ಪಾಠಗಳು ಪರಸ್ಪರ ವಿರುದ್ಧ. ಅಳಿಯಕಟ್ಟಿನ ಮೂಲವನ್ನು ಹೇಳುವ ಭೂತಾಳಪಾಂಡ್ಯನ ಐತಿಹ್ಯವೂ ಈ ವಿಷಯದಲ್ಲಿ ಪ್ರಾಮಾಣಿಕವಾಗಿದೆ. ಭೂತವೊಂದು ಬಲಿಯಾಗಿ ಮಗನನ್ನು ಕೇಳಿದಾಗ ಅರಸನ ಹೆಂಡತಿ ಒಪ್ಪಲಿಲ್ಲ, ತಂಗಿ ಒಪ್ಪಿದಳು. ಅಂದಿನಿಂದ ಹಕ್ಕು ತಂಗಿಯ ಮಕ್ಕಳಿಗೆ ಎಂದು ಅದು ಹೇಳುತ್ತದೆ. ಎಂದರೆ ಈ ಕಟ್ಟಳೆ ಅನಾದಿಯಲ್ಲ, ಒಂದು ದಿನ ಆರಂಭವಾದದ್ದು ಎಂಬುದನ್ನು ಐತಿಹ್ಯವೇ ಒಪ್ಪಿಕೊಳ್ಳುತ್ತದೆ. 1949ರಲ್ಲಿ ಮದ್ರಾಸು ಸರಕಾರ ಅಳಿಯಸಂತಾನ ಕಾಯಿದೆಯನ್ನು ತಂದಿತು, 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದಿತು. ಒಂದೆರಡು ತಲೆಮಾರುಗಳಲ್ಲಿ ಕಾಗದಪತ್ರಗಳು ಮಾತ್ರವಲ್ಲ, ಮನಸ್ಸುಗಳೂ ಬದಲಾದವು. ಮಾವನಾದವನು ಇಂದು ತನ್ನ ಮಕ್ಕಳಿಗೆ ಆಸ್ತಿ ಬರೆದುಕೊಟ್ಟರೆ ಯಾರೂ ದ್ರೋಹವೆನ್ನುವುದಿಲ್ಲ.

ಇಷ್ಟು ನೋಡಿದರೆ ಲಾಕ್ ಗೆದ್ದನೆಂದೇ ತೋರುತ್ತದೆ. ಆದರೆ ಕಟ್ಟಳೆಗಳು ಕಲಿತವು ಎಂಬುದರಿಂದ ನೀತಿಯೆಲ್ಲವೂ ಕಲಿತದ್ದು ಎಂದಾಗುವುದಿಲ್ಲ. ಅಮರ ಸುಳ್ಯದ ಚರಿತ್ರೆಯಲ್ಲಿಯೇ ಬೇರೆ ಬಗೆಯ ಪುಟವೊಂದಿದೆ.

ಈ ಮಾಗಣೆ ಕೊಡಗಿನ ಅರಸರ ಆಳ್ವಿಕೆಗೆ ಸೇರಿತ್ತು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಈಸ್ಟ್ ಇಂಡಿಯಾ ಕಂಪೆನಿ, ಕೊಡಗಿನಿಂದ ಇದನ್ನು ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯವರೆಗೆ ರೈತರು ಕಂದಾಯವನ್ನು ಬೆಳೆಯ ರೂಪದಲ್ಲಿ ಸಲ್ಲಿಸುತ್ತಿದ್ದರು. ಇನ್ನು ಮುಂದೆ ನಗದು ರೂಪದಲ್ಲಿ ಕೊಡಬೇಕೆಂಬ ಆಜ್ಞೆ ಬಂದಿತು. ಕಂದಾಯದ ಗಡುವಿನೊಳಗೆ ಭತ್ತ ಮಾರಲೇಬೇಕಾದವನಿಗೆ ಸಿಗುವ ಬೆಲೆ ಎಷ್ಟೆಂಬುದನ್ನು ಕೃಷಿಕರಿಗೆ ವಿವರಿಸಬೇಕಾಗಿಲ್ಲ. 1837ರಲ್ಲಿ ಕಲ್ಯಾಣಸ್ವಾಮಿಯ ಹೆಸರಿನಲ್ಲಿ, ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ಮುಂದಾಳುತನದಲ್ಲಿ ರೈತರು ದಂಡು ಕಟ್ಟಿಕೊಂಡು ಘಟ್ಟದ ಬುಡದಿಂದ ಕಡಲ ತೀರದವರೆಗೆ ನಡೆದರು. ಏಪ್ರಿಲ್ 5ರಂದು ಮಂಗಳೂರು ಅವರ ಕೈಸೇರಿತು. ಹದಿಮೂರು ದಿನ ಪಟ್ಟಣ ಅವರ ವಶದಲ್ಲಿತ್ತು. ಅವರು ಬಾವುಟ ಹಾರಿಸಿದ ಗುಡ್ಡಕ್ಕೆ ಬಾವುಟಗುಡ್ಡವೆಂಬ ಹೆಸರು ಇಂದಿಗೂ ಉಳಿದಿದೆ. 2022ರಲ್ಲಿ ಅಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತಿತು.

ಈ ರೈತರಿಗೆ ನ್ಯಾಯದ ಪಾಠ ಹೇಳಿದವರು ಯಾರು? ಹಕ್ಕುಗಳ ಬಗ್ಗೆ ಯೂರೋಪಿನಲ್ಲಿ ಬಂದ ಗ್ರಂಥಗಳನ್ನು ಅವರು ಕಂಡವರಲ್ಲ. ಗದ್ದೆಯಲ್ಲಿ ಬೆಳೆದದ್ದರಲ್ಲಿ ಪಾಲು ಕೇಳುವುದು ನ್ಯಾಯ, ಗದ್ದೆಯಲ್ಲಿ ಬೆಳೆಯದ ಬೆಳ್ಳಿಯನ್ನು ಕೇಳುವುದು ಅನ್ಯಾಯ – ಇಷ್ಟನ್ನು ತಿಳಿಯಲು ಅವರಿಗೆ ಗುರುವಿನ ಅಗತ್ಯವಿರಲಿಲ್ಲ. ಹುಟ್ಟಿನಿಂದ ಬಂದ ನೀತಿಯೊಂದು ಇದೆಯಾದರೆ ಅದರ ಮೊದಲ ಮಾತು ಇದೇ ಇರಬೇಕು: ನನಗೆ ಅನ್ಯಾಯವಾಯಿತು.

ಇಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ; ಅದು ಅಷ್ಟು ಹಿತವಾದುದಲ್ಲ. ದಂಡಿನಲ್ಲಿ ನಡೆದ ಗುತ್ತಿನವರ, ಪಟೇಲರ ಗದ್ದೆಗಳನ್ನು ಉತ್ತವರು ಯಾರು? 1801ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಕೆನರಾದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಇಲ್ಲಿನ ಬೇಸಾಯಕ್ಕೆ ಕಟ್ಟಿಹಾಕಲ್ಪಟ್ಟಿದ್ದ ದಾಸಜನರ ಬಗ್ಗೆ ಬೆಳೆಯ, ಗೊಬ್ಬರದ, ಅಳತೆಯ ವಿವರಗಳ ನಡುವೆಯೇ ಬರೆದಿಟ್ಟಿದ್ದಾನೆ. ಭೂಮಿ ಕೈಬದಲಾದಾಗ ಅದರ ಜೊತೆಗೇ ಕೈಬದಲಾಗುತ್ತಿದ್ದ ಮೂಲದಾಳುಗಳು ಅವರು. ಅವರ ಮಕ್ಕಳು ಹುಟ್ಟುವ ಮೊದಲೇ ಒಡೆಯನ ಲೆಕ್ಕಕ್ಕೆ ಸೇರಿರುತ್ತಿದ್ದರು. ಭತ್ತದ ಬದಲು ನಾಣ್ಯ ಕೇಳಿದ್ದು ಅನ್ಯಾಯವೆಂದು ಕಂಡ ಕಣ್ಣಿಗೆ, ತನ್ನ ಕೊಟ್ಟಿಗೆಯ ಪಕ್ಕದ ಗುಡಿಸಲಿನಲ್ಲಿದ್ದ ಮನುಷ್ಯನ ಸ್ಥಿತಿ ಅನ್ಯಾಯವೆಂದು ಕಾಣಲಿಲ್ಲ. ಆ ರೈತರನ್ನು ಹೀಗಳೆಯಲು ಈ ಮಾತನ್ನು ಹೇಳುತ್ತಿಲ್ಲ. ಅವರನ್ನು ಗಲ್ಲಿಗೇರಿಸಿದ ಕಂಪೆನಿಯವರಿಗೂ ಅದು ಅಷ್ಟಾಗಿ ಕಂಡಿರಲಿಲ್ಲ. ಮನುಷ್ಯನ ಮೇಲೆ ಮನುಷ್ಯನಿಗಿರುವ ಒಡೆತನದ ಹಕ್ಕನ್ನು ನ್ಯಾಯಾಲಯಗಳು ಮನ್ನಿಸಬಾರದೆಂಬ ಕಾಯಿದೆ ಕಂಪೆನಿಯ ಆಡಳಿತದಲ್ಲಿ ಬಂದದ್ದು 1843ರಲ್ಲಿ.

ನನಗಾದ ಅನ್ಯಾಯವನ್ನು ತಿಳಿಯಲು ಗುರು ಬೇಡ. ನನ್ನಿಂದಾದ ಅನ್ಯಾಯವನ್ನು ತಿಳಿಯಲು ಬೇಕು. ಚರಿತ್ರೆ ಹೀಗೆ ಸೂಚಿಸುವುದನ್ನು ಈಚಿನ ಮನೋವಿಜ್ಞಾನವೂ ಒಂದು ರೀತಿಯಲ್ಲಿ ಅನುಮೋದಿಸುತ್ತದೆ. 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಭಾರತವೂ ಸೇರಿದಂತೆ ಏಳು ದೇಶಗಳ ಮಕ್ಕಳಿಗೆ ತಿಂಡಿಯನ್ನು ಅಸಮವಾಗಿ ಹಂಚಿ ನೋಡಲಾಯಿತು. ತನಗೆ ಕಡಿಮೆ, ಎದುರಿನವನಿಗೆ ಹೆಚ್ಚು ಬಂದಾಗ ಆ ಹಂಚಿಕೆಯನ್ನೇ ಧಿಕ್ಕರಿಸುವ ಗುಣ ಏಳು ದೇಶಗಳಲ್ಲಿಯೂ ಕಂಡುಬಂತು. ತನಗೆ ಹೆಚ್ಚು ಬಂದಾಗ ಅದನ್ನು ಧಿಕ್ಕರಿಸುವ ಗುಣವಾದರೋ ಅಮೆರಿಕ, ಕೆನಡಾ ಮತ್ತು ಉಗಾಂಡಗಳಲ್ಲಿ ಮಾತ್ರ, ಅದೂ ತುಸು ದೊಡ್ಡ ಮಕ್ಕಳಲ್ಲಿ ಕಂಡಿತು. ಹಸುಗೂಸುಗಳ ಮನಸ್ಸನ್ನು ಅಳೆಯುವ ಯತ್ನಗಳೂ ನಡೆದಿವೆ. ಇನ್ನೊಬ್ಬರಿಗೆ ನೆರವಾಗುವ ಬೊಂಬೆಯನ್ನೇ ಕೂಸುಗಳು ಆರಿಸುತ್ತವೆಂದು 2007ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಸಂಶೋಧಕರು ಪ್ರಕಟಿಸಿದಾಗ ಜಗತ್ತು ಸಂಭ್ರಮಿಸಿತು. ಮುಂದೆ ಹಲವು ದೇಶಗಳ ಮೂವತ್ತಕ್ಕೂ ಹೆಚ್ಚು ಪ್ರಯೋಗಶಾಲೆಗಳು ಕೂಡಿ ಅದನ್ನೇ ಪರೀಕ್ಷಿಸಿದಾಗ ಅಂಥ ಒಲವು ಕಾಣಲಿಲ್ಲ. ತೊಟ್ಟಿಲಿನಲ್ಲಿಯೇ ಸಂತರನ್ನು ಕಾಣುವ ಆತುರ ನಮಗೆ ಬೇಡ.

ಹಾಗಾದರೆ ಮೆನ್ಷಿಯಸ್ ಹೇಳಿದ ಎದೆಯ ನಡುಕ ಸುಳ್ಳೇ? ಪುತ್ತೂರನ್ನು ದೀರ್ಘಕಾಲ ತಮ್ಮ ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡಿದ್ದ ಕೋಟ ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ ‘ಚೋಮನ ದುಡಿ’ ಕಾದಂಬರಿ ಚೀನಾದ ಜ್ಞಾನಿಯ ದೃಷ್ಟಾಂತವನ್ನು ಅರಿಯದೆಯೇ ಪರೀಕ್ಷೆಗೆ ಒಡ್ಡಿದಂತಿದೆ. ಚೋಮನ ಚಿಕ್ಕ ಹುಡುಗ ನೀರಿನಲ್ಲಿ ಮುಳುಗುತ್ತಾನೆ. ದಡದಲ್ಲಿ ಜನರಿದ್ದಾರೆ. ಅಸ್ಪೃಶ್ಯನ ಮಗನನ್ನು ಮುಟ್ಟಿ ಎತ್ತುವವರಿಲ್ಲ. ಕಾದಂಬರಿ ಕಲ್ಪನೆಯೇ ಇರಬಹುದು. ಆದರೆ ಅಂದಿನ ಓದುಗರಲ್ಲಿ ಯಾರಿಗೂ ಅದು ಅಸಂಭವವೆಂದು ತೋರಲಿಲ್ಲ ಎಂಬುದೇ ಒಂದು ಚಾರಿತ್ರಿಕ ಸಾಕ್ಷ್ಯ. ಚೋಮನ ಒಡೆಯ ಸಂಕಪ್ಪಯ್ಯನ ಪಾತ್ರವೂ ಇಲ್ಲಿ ಗಮನಾರ್ಹ. ಬೇಸಾಯಕ್ಕೆ ತುಂಡು ಭೂಮಿ ಬೇಕೆಂಬ ಚೋಮನ ಹಂಬಲ ಅವನಿಗೆ ಅರ್ಥವಾಗದೆ ಇಲ್ಲ. ಅವನ ತಾಯಿ ಒಪ್ಪುವುದಿಲ್ಲ. ಆಕೆ ಕೆಟ್ಟವಳಲ್ಲ; ತನ್ನ ಹಿರಿಯರಿಂದ ಕಲಿತ ನೀತಿಯನ್ನು ಕಾಯುತ್ತಿರುವವಳು.

ದಡದಲ್ಲಿ ನಿಂತವರ ಎದೆ ನಡುಗಲಿಲ್ಲವೆಂದು ನನಗೆ ಅನಿಸುವುದಿಲ್ಲ. ನಡುಗದ ಎದೆಗೆ ಕಟ್ಟಳೆಯ ಬಿಗಿ ಅಷ್ಟೊಂದು ಬೇಕಾಗಿರಲಿಲ್ಲ. ಮುಟ್ಟಬಾರದು, ನೆರಳು ಬೀಳಬಾರದು, ಮುಟ್ಟಿದರೆ ಮೀಯಬೇಕು ಎಂದು ಮಕ್ಕಳಿಗೆ ಬುದ್ಧಿ ಬರುವ ಮೊದಲೇ ಕಲಿಸಬೇಕಾದದ್ದು, ಕಲಿಸದಿದ್ದರೆ ಅವು ಮುಟ್ಟುತ್ತವೆ ಎಂಬ ಕಾರಣಕ್ಕೇ ಅಲ್ಲವೇ? ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಈ ಬಗ್ಗೆ ಹೇಳಿದ ಮಾತು ಅನುಭವಕ್ಕೆ ಹತ್ತಿರವಾಗಿದೆ. ಒಳಿತನ್ನು ಮಾಡಬೇಕು, ಕೆಡುಕನ್ನು ಬಿಡಬೇಕು ಎಂಬ ಮೂಲತತ್ತ್ವ ಯಾರ ಹೃದಯದಿಂದಲೂ ಅಳಿಯುವುದಿಲ್ಲ. ಆದರೆ ಅದರಿಂದ ಹೊರಡುವ ನಿರ್ದಿಷ್ಟ ತೀರ್ಮಾನಗಳು ದುರಭ್ಯಾಸದಿಂದ ಅಳಿದುಹೋಗಬಲ್ಲವು ಎಂದು ಅವರು ಬರೆದರು. ಉದಾಹರಣೆಯಾಗಿ ಅವರು ಕೊಟ್ಟದ್ದು ಜೂಲಿಯಸ್ ಸೀಸರ್ ವರ್ಣಿಸಿದ ಪ್ರಾಚೀನ ಜರ್ಮನರನ್ನು. ಕಳವು ಅವರಲ್ಲಿ ತಪ್ಪೆನಿಸಿರಲಿಲ್ಲ. ಸೀಸರನ ಗ್ರಂಥವನ್ನೇ ತೆರೆದರೆ ಇನ್ನೊಂದು ವಿವರ ಸಿಗುತ್ತದೆ: ತಮ್ಮ ನಾಡಿನ ಗಡಿಯಾಚೆ ಮಾಡಿದ ದರೋಡೆ ಮಾತ್ರ ಅವರಿಗೆ ಅವಮಾನದ ಸಂಗತಿಯಾಗಿರಲಿಲ್ಲ. ಗಡಿಯೊಳಗೆ ಅವರೂ ನಮ್ಮಂತೆಯೇ.

ಹುಟ್ಟಿನಿಂದ ಬಂದ ಕನಿಕರಕ್ಕೆ ಗಡಿ ಹಾಕಿಕೊಡುವುದು ಸಮಾಜ. ಯಾರು ನಮ್ಮವರು, ಯಾರ ಅಳುವಿಗೆ ಕಿವಿಗೊಡಬೇಕು, ಯಾರ ಅಳುವನ್ನು ಗದ್ದೆಯ ಕಪ್ಪೆಯ ಸದ್ದಿನಂತೆ ಕೇಳಿಯೂ ಕೇಳದಿರಬೇಕು ಎಂಬುದು ಕಲಿತ ವಿದ್ಯೆ. ಆ ಗಡಿಯನ್ನು ಒಬ್ಬ ಮನುಷ್ಯ ದಾಟುವುದು ಹೇಗೆಂಬುದೇ ಉಳಿದ ಪ್ರಶ್ನೆ. ಅದಕ್ಕೆ ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ಕುದ್ಮುಲ್ ರಂಗರಾಯರಿಗಿಂತ ಉತ್ತಮ ನಿದರ್ಶನ ನನಗೆ ತಿಳಿದಿಲ್ಲ.

1859ರಲ್ಲಿ ಕಾಸರಗೋಡಿನ ಬಡ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದ ರಂಗರಾಯರು ಮಂಗಳೂರಿಗೆ ಬಂದು ಮೊದಲು ಶಿಕ್ಷಕರಾದರು, ಬಳಿಕ ವಕೀಲರಾದರು. 1892ರಲ್ಲಿ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಸ್ಥಾಪಿಸಿದರು. ಮಕ್ಕಳು ಬಂದರೆ ಮನೆಗೆ ಬರುವ ಕೂಲಿ ತಪ್ಪುತ್ತದೆಂದು ತಿಳಿದಿದ್ದ ಅವರು ಶಾಲೆಯಲ್ಲಿ ಊಟವನ್ನೂ ಕೈಗೆ ಒಂದಿಷ್ಟು ಕಾಸನ್ನೂ ಕೊಡುತ್ತಿದ್ದರು. ಕೈಕಸಬು ಕಲಿಸಿದರು, ಸರಕಾರದಿಂದ ಭೂಮಿ ಪಡೆದು ಕುಟುಂಬಗಳನ್ನು ನೆಲೆಗೊಳಿಸಿದರು. ಚೋಮ ಕಾದಂಬರಿಯಲ್ಲಿ ಕೊನೆಯವರೆಗೂ ಕೇಳಿ ಪಡೆಯದ್ದು ಅದೇ ಭೂಮಿ. ಇದಕ್ಕೆಲ್ಲ ಪ್ರತಿಫಲವಾಗಿ ಸ್ವಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ಅವರು ಹಿಂಜರಿಯಲಿಲ್ಲ. ಮಗಳು ರಾಧಾಬಾಯಿಯನ್ನು ಬೇರೆ ಜಾತಿಯ, ಬೇರೆ ನುಡಿಯ ಡಾ. ಪಿ. ಸುಬ್ಬರಾಯನ್ ಅವರಿಗೆ ವಿವಾಹ ಮಾಡಿಕೊಟ್ಟರು. ಆ ಅಳಿಯ ಮುಂದೆ ಮದ್ರಾಸು ಪ್ರಾಂತದ ಮುಖ್ಯಮಂತ್ರಿಯಾದರು.

ನೀತಿ ಕೇವಲ ಇತರರಿಂದ ಕಲಿತದ್ದಾದರೆ ರಂಗರಾಯರಿಗೆ ಇದನ್ನು ಕಲಿಸಿದವರು ಯಾರು? ಮನೆಯಲ್ಲ, ಜಾತಿಯಲ್ಲ, ನೆರೆಹೊರೆಯಲ್ಲ. ಬ್ರಹ್ಮಸಮಾಜ ಎನ್ನಬಹುದು. ಅದು 1870ರ ವೇಳೆಗೆ ಮಂಗಳೂರಿನಲ್ಲಿ ಬೇರೂರಿತ್ತು, ರಂಗರಾಯರು ಅದರ ಮುಂದಾಳುಗಳಲ್ಲಿ ಒಬ್ಬರು. ಮಿಶನರಿಗಳ ಶಾಲೆಗಳು ಪಟ್ಟಣಕ್ಕೆ ತಂದ ಹೊಸ ಗಾಳಿ ಎನ್ನಬಹುದು. ಬಾಸೆಲ್ ಮಿಶನ್ 1834ರಲ್ಲಿಯೇ ಮಂಗಳೂರಿಗೆ ಬಂದಿತ್ತು, ಜೆಸ್ವಿತರ ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ ಆರಂಭವಾಯಿತು. ಈ ಉತ್ತರಗಳಲ್ಲಿ ಸತ್ಯವಿದೆ. ಎಲ್ಲ ಮನುಷ್ಯರೂ ಒಬ್ಬನೇ ದೇವರ ಮಕ್ಕಳೆಂಬ ಮಾತು ಕಿವಿಗೆ ಬೀಳದಿದ್ದರೆ, ಅವರು ಕರುಣಾಳುವಾದ ಒಬ್ಬ ವಕೀಲರಾಗಿ, ಬಾಗಿಲಿಗೆ ಬಂದವರಿಗೆ ಅಂಗಳದಾಚೆಯಿಂದಲೇ ಅಕ್ಕಿ ಕೊಡಿಸಿ ನೆಮ್ಮದಿಯಿಂದ ಇದ್ದುಬಿಡಬಹುದಿತ್ತು. ಆದರೆ ಅದೇ ಪ್ರಾರ್ಥನಾಸಭೆಯಲ್ಲಿ, ಅದೇ ಶಾಲೆಗಳ ಬೆಂಚುಗಳಲ್ಲಿ ಕುಳಿತು ಅದೇ ಮಾತನ್ನು ಕೇಳಿದವರು ಅನೇಕರು. ಬಹುಪಾಲು ಮಂದಿ ಅದನ್ನು ಪರೀಕ್ಷೆಗೆ ಬರೆದು, ಸಭೆಗಳಲ್ಲಿ ಹೇಳಿ, ಮನೆಗೆ ಹೋಗಿ ಮಿಂದು ಉಂಡರು. ಕಲಿಕೆ ಬಾಗಿಲನ್ನು ತೋರಿಸಿತು, ನಿಜ. ಅದರಾಚೆ ಕಾಲಿಡುವಂತೆ ರಂಗರಾಯರನ್ನು ತಳ್ಳಿದ್ದನ್ನು ಕಲಿಕೆ ಎಂದು ಕರೆಯಲು ನನಗೆ ಮನಸ್ಸಾಗದು. ತನ್ನವರೆಲ್ಲರೂ ಸರಿ ಎನ್ನುತ್ತಿರುವಾಗ ಒಬ್ಬನಿಗೆ ಮಾತ್ರ ನಾಚಿಕೆಯಾಗುವುದಾದರೆ, ಆ ನಾಚಿಕೆ ತನ್ನವರಿಂದ ಕಲಿತದ್ದಾಗಿರಲಾರದು.

ಬಹಿಷ್ಕಾರ ಹಾಕಿದವರು ನೀತಿಗೆಟ್ಟವರಲ್ಲ ಎಂಬುದೇ ಇಲ್ಲಿ ಕಳವಳದ ಸಂಗತಿ. ಅವರು ಸುಳ್ಳಾಡದವರು, ಸಾಲ ತೀರಿಸುವವರು, ವ್ರತ ಪಾಲಿಸುವವರು. ಕೆಟ್ಟವರು ಬಹಿಷ್ಕಾರ ಹಾಕುವ ಗೋಜಿಗೆ ಹೋಗುವುದಿಲ್ಲ. ಕಲಿತ ನೀತಿಯನ್ನು ಚಾಚೂ ತಪ್ಪದೆ ಪಾಲಿಸಿದವರೇ ಅಂತಃಸಾಕ್ಷಿಗೆ ಓಗೊಟ್ಟವನನ್ನು ಹೊರಗಿಟ್ಟರು.

ನಾವು ಕ್ರೈಸ್ತರು ಈ ಕಥೆಯನ್ನು ದಡದಲ್ಲಿ ನಿಂತು ಕೇಳುವಂತಿಲ್ಲ. ಗೋವೆಯಿಂದ ದಕ್ಷಿಣಕ್ಕೆ ಬಂದ ನಮ್ಮ ಪೂರ್ವಜರು ಹೊಸ ಹೆಸರು, ಹೊಸ ಪ್ರಾರ್ಥನೆ, ಹೊಸ ಸಂಸ್ಕಾರಗಳೊಡನೆ ಬಾಮಣ್, ಚಾರೊಡಿ, ಶುದಿರ್ ಎಂಬ ವಿಂಗಡಣೆಯನ್ನೂ ಹೊತ್ತು ತಂದರು. ಟಿಪ್ಪುವಿನ ಕಾಲದಲ್ಲಿ, 1784ರಿಂದ 1799ರವರೆಗೆ, ಶ್ರೀರಂಗಪಟ್ಟಣದ ಸೆರೆಯಲ್ಲಿ ಎಲ್ಲರೂ ಒಂದೇ ಸಂಕಟವನ್ನು ಉಂಡರು. ಮರಳಿ ಬಂದು ಮನೆ ಕಟ್ಟಿದ ಮೇಲೆ ಮದುವೆಯ ಮಾತು ಬಂದಾಗ ಆ ವಿಂಗಡಣೆ ಮತ್ತೆ ನೆನಪಾಯಿತು. ತಮಗಾದ ಅನ್ಯಾಯವನ್ನು ಸಮುದಾಯ ಎರಡು ಶತಮಾನ ಮರೆಯದೆ ಹೇಳಿಕೊಂಡು ಬಂದಿದೆ. ತನ್ನೊಳಗಿನ ವಿಂಗಡಣೆಯ ಬಗ್ಗೆ ಅಷ್ಟೇ ನೆನಪಿನಿಂದ ಮಾತಾಡಿದ್ದು ಕಡಿಮೆ. ಅಮರ ಸುಳ್ಯದ ದಂಡಿಗಿಂತ ನಾವು ಬೇರೆಯಲ್ಲ.

ಹೃದಯದಲ್ಲಿ ಬರೆದದ್ದನ್ನು ಓದಲು ಜನರು ತಡಮಾಡಿದಾಗ ಕಾಯಿದೆ ಬರೆದು ಓದಿಸಬೇಕಾಗುತ್ತದೆ. 1843ರ ಕಾಯಿದೆಯ ಬಳಿಕವೂ ಮೂಲದಾಳು ಸಾಲದಾಳಾಗಿ ಉಳಿದ. ಜೀತಪದ್ಧತಿಯನ್ನು ರದ್ದುಗೊಳಿಸುವ ಕಾಯಿದೆಯನ್ನು ಭಾರತದ ಸಂಸತ್ತು ಅಂಗೀಕರಿಸಿದ್ದು 1976ರಲ್ಲಿ, ನೂರಮೂವತ್ತಮೂರು ವರ್ಷಗಳ ಬಳಿಕ. ಕರಾವಳಿಯ ಕೊರಗ ಸಮುದಾಯದ ಮೇಲೆ ಹೇರಲಾಗಿದ್ದ ಅಜಲು ಪದ್ಧತಿಯಂತೂ ಇನ್ನೂ ಮುಂದುವರಿಯಿತು. ಬಸುರಿಯ, ರೋಗಿಯ ಕೇಡು ಕೊರಗರಿಗೆ ದಾಟಲೆಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುವುದು, ಕಂಬಳದ ಗದ್ದೆಯಲ್ಲಿ ಕೋಣಗಳಿಗಿಂತ ಮೊದಲು ಅವರನ್ನು ಓಡಿಸುವುದು ಇದರ ಭಾಗವಾಗಿದ್ದವು. ಓಡಿಸಿದವರು ತಮ್ಮ ಮನೆಯ ಮಗುವಿನ ಆಯುಸ್ಸಿಗಾಗಿ, ಗರ್ಭಿಣಿಯ ಸುಖಪ್ರಸವಕ್ಕಾಗಿ ಹಾಗೆ ಮಾಡುತ್ತಿದ್ದರು. ವಾತ್ಸಲ್ಯವೇ ಇಲ್ಲಿ ಕ್ರೌರ್ಯದ ಕೈಯಾಗಿತ್ತು. ಕರ್ನಾಟಕ ಸರಕಾರ ಇದನ್ನು ಶಿಕ್ಷಾರ್ಹ ಅಪರಾಧವೆಂದು ಕಾಯಿದೆ ಮಾಡಿದ್ದು 2000ದಲ್ಲಿ. ಕಾಯಿದೆ ಕೈಯನ್ನು ತಡೆಯುತ್ತದೆ. ಕೈ ತಡೆದ ಮನೆಯಲ್ಲಿ ಬೆಳೆದ ಮಗು ಆ ಗಡಿಯನ್ನು ಕಲಿಯದೆಯೇ ದೊಡ್ಡದಾಗುತ್ತದೆ. ನೀತಿಯ ಕಲಿಕೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಎಷ್ಟೋ ಸಲ ನಾವು ಮಕ್ಕಳಿಗೆ ಒಳ್ಳೆಯದನ್ನು ಕಲಿಸುವುದಕ್ಕಿಂತ ಕೆಟ್ಟದ್ದನ್ನು ಕಲಿಸದಿರುವುದು ಹೆಚ್ಚಿನ ಉಪಕಾರ.

ರಂಗರಾಯರ ಬದುಕಿನ ಕಾಲದಲ್ಲಿ ಈ ಎರಡು ಕಾಯಿದೆಗಳೂ ಇರಲಿಲ್ಲ. ಕೊನೆಗಾಲದಲ್ಲಿ ಅವರು ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡಾಗ, ಅವರ ಇಚ್ಛೆಯಂತೆ ಅಂತ್ಯಕ್ರಿಯೆಯಲ್ಲಿ ಹೆಗಲು ಕೊಟ್ಟವರು ಅವರು ಯಾರಿಗಾಗಿ ಬಹಿಷ್ಕಾರ ಉಂಡರೋ ಆ ಜನರೇ. ಮಂಗಳೂರಿನ ಅತ್ತಾವರದ ಬಾಬುಗುಡ್ಡೆಯಲ್ಲಿ ಅವರ ಸಮಾಧಿಯಿದೆ. ತಮ್ಮ ಶಾಲೆಯ ಮಕ್ಕಳು ಓದಿ ಸರಕಾರದ ದೊಡ್ಡ ಹುದ್ದೆಗೇರಬೇಕು, ಅವರ ಕಾರು ಊರಿನ ರಸ್ತೆಯಲ್ಲಿ ಹಾದುಹೋಗಬೇಕು, ಅದರ ಚಕ್ರದಿಂದ ಎದ್ದ ಧೂಳು ತಮ್ಮ ತಲೆಯ ಮೇಲೆ ಬೀಳಬೇಕು ಎಂಬ ಅವರ ಆಸೆಯನ್ನು ಅಲ್ಲಿ ಕಲ್ಲಿನ ಮೇಲೆ ಬರೆದಿಟ್ಟಿದ್ದಾರೆ.